ಪಾಲಕರನ್ನು ಕರೆದುಕೊಂಡು ಬನ್ನಿ

ಬೇರೆ ಹೆಂಗಸರಿಗೆ ನೆರೆಮನೆಯವಳ ಕೊರಳಿನ ಬಂಗಾರ ಕಂಡರೆ ಹೊಟ್ಟೆ ಉರಿಯುತ್ತದಂತೆ. ನನಗೆ ಹಾಗೇನೂ ಆಗುವುದಿಲ್ಲ. ನನ್ನ ಹೊಟ್ಟೆ ಉರಿಯುತ್ತಿದ್ದುದು ಹಾಸ್ಟೆಲ್ ಹುಡುಗಿಯರನ್ನು ಕಂಡರೆ. ಯಾದಗಿರಿಯ ಬಸ್ ನಿಲ್ದಾಣದಲ್ಲಿ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದು ಕೈಯಲ್ಲಿ ಸುತ್ತಿದ ಹಾಸಿಗೆ, ಬಗಲಲ್ಲಿ ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು ಹಿಡಿದು ನಿಂತ ಹುಡುಗಿ ಕಣ್ಣಿಗೆ ಬಿದ್ದರೆ ಸಾಕು, ನಾನು ಹತ್ತಬೇಕಾದ ಬಸ್ಸನ್ನೂ ಮರೆತು ಅವಳನ್ನೇ ನೋಡುತ್ತ ನಿಲ್ಲುತ್ತಿದ್ದೆ. ನಾನು ಓದುವ ಕಾಲಕ್ಕೆ ಹಾಸ್ಟೆಲ್ಲಿಗೆ ಸೇರಿಸಿರೆಂದು ನಮ್ಮಪ್ಪನನ್ನು ಬೇಡಿಕೊಂಡಿದ್ದೆ. ಅವರು "ಬ್ಯಾಡವ್ವಾ, ಹಾಸ್ಟೆಲ್ನಾಗ ಊಟ ಸರಿ ಇರಂಗಿಲ್ಲ" ಎಂದರು. ಆಗ ನಮ್ಮ ಮನೆಯಲ್ಲಿ ಅಡುಗೆ ಮಾಡುತ್ತಿದ್ದವಳು ನಾನೇ. ನಾನು ಹೋದರೆ ಸರಿಯಿರುವುದಿಲ್ಲ ಎಂದು ಅವರು ಚಿಂತಿಸಿದ್ದು ಯಾರ ಊಟದ ಬಗ್ಗೆ ಎನ್ನುವುದು ನನಗೆ ಹೊಳೆಯುವಷ್ಟರಲ್ಲಿ ನನ್ನ ಮದುವೆಯಾಗಿ, ಮಗಳು ಹುಟ್ಟಿ, ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಕ್ಕಿ, ಆ ಮಗಳ ಮದುವೆಯೂ ಮುಗಿದಿತ್ತು.

ಮಗಳನ್ನು ಗಂಡನ ಮನೆಗೆ ಕಳಿಸಿದ ವರ್ಷವೇ ನಾನು ಎಂ.ಎ. ಮಾಡುತ್ತೇನೆಂದು ಹಟ ಹಿಡಿದೆ. ನಾವಿರುವುದು ಕಡೇಚೂರಿನಲ್ಲಿ. ಓದಬೇಕಾದ ಸ್ನಾತಕೋತ್ತರ ಕೇಂದ್ರ ಇರುವುದು ಶಹಾಪುರದ ಹೊರಗೆ. ದಿನಾ ಎರಡು ಬಸ್ಸು ಬದಲಿಸಿ ಹೋಗಿ ಬರುವುದು ಆಗದ ಮಾತು. ಈ ದೂರವನ್ನು ನಾನು ನಮ್ಮ ಮನೆಯವರ ಮುಂದೆ ಮುಖ ಸಪ್ಪಗೆ ಮಾಡಿಕೊಂಡು ಹೇಳಿದೆನಾದರೂ ಒಳಗೊಳಗೆ ಆ ದೂರ ಅಳೆದು ಇಟ್ಟವರಿಗೆ ಕೈಮುಗಿದೆ. ನಮ್ಮ ಮನೆಯವರಿಗೆ ಊರಲ್ಲೊಂದು ಕಿರಾಣಿ ಅಂಗಡಿ ಇದೆ. ಅಲ್ಲಿನ ಕಾರ್ಖಾನೆಗಳ ಕೂಲಿಯವರೆಲ್ಲ ಅವರ ಗಿರಾಕಿಗಳು. "ಹೋಗಿ ಬಾ, ನಾ ಏನ್ ಸಣ್ಣ ಕೂಸೇನ, ಹೆಂಗರ ಇರ್ತೀನಿ" ಎಂದು ಅವರು ದೊಡ್ಡ ಮನಸ್ಸು ಮಾಡಿದರು. ನಾನು ಹೋದ ಮರುದಿನವೇ ಫೋನು ಬಂತು: "ಅಲ್ಲ, ಮನ್ಯಾಗ ಉಪ್ಪು ಎಲ್ಲಿ ಇಟ್ಟೀ?" ಊರಿಗೆಲ್ಲ ಉಪ್ಪು ಮಾರುವ ಮನುಷ್ಯ! ಅಂಗಡಿಯಿಂದಲೇ ಒಂದು ಪಾಕೀಟು ಒಯ್ಯಿರಿ ಎಂದೆ. "ಅದು ಮಾರೂ ಉಪ್ಪು ಲೇ" ಎಂದು ಫೋನಿಟ್ಟರು.

ಹೀಗೆ ತಲೆಯಲ್ಲಿ ಬಿಳಿ ಕೂದಲು ಎಣಿಸುವುದನ್ನು ಬಿಟ್ಟಮೇಲೆ ನಾನು ಶಾಲೆಗೆ ಓದಿನ ರಜೆ ಹಾಕಿ ಹಾಸ್ಟೆಲ್ ಸೇರಿದೆ. ನನಗೆ ಸಿಕ್ಕ ಸೌಲಭ್ಯಗಳನ್ನು ಹೇಳಿದರೆ ನೀವು ನಗಬಹುದು, ನಾನಂತೂ ಅರಮನೆ ಸಿಕ್ಕವಳಂತೆ ಓಡಾಡಿದೆ. ಒಂದು ಕಬ್ಬಿಣದ ಮಂಚ, ಮಗ್ಗುಲು ಬದಲಿಸಿದಾಗಲೆಲ್ಲ ಅದು ನನಗಿಂತ ಮೊದಲು ನರಳುತ್ತಿತ್ತು. ಒಂದು ಗೋಡೆ ಕಪಾಟು, ಅದರ ಬಾಗಿಲು ಮುಚ್ಚಬೇಕಾದರೆ ಕಾಗದ ಮಡಿಚಿ ಸಿಕ್ಕಿಸಬೇಕು. ಕೋಣೆಗೆ ಒಂದೇ ಪ್ಲಗ್ಗು, ಅದರ ಮುಂದೆ ಮೂವರ ಮೊಬೈಲುಗಳು ಪಾಳಿ ಹಚ್ಚಿ ಕೂತಿರುತ್ತಿದ್ದವು. ಛಾವಣಿಯ ಮೇಲೆ ಸೋಲಾರ್ ಇತ್ತು. ಅದರ ಸ್ವಭಾವ ಬಹಳ ಪ್ರಾಮಾಣಿಕವಾದದ್ದು: ಬಿಸಿಲಿದ್ದಾಗ ಮಾತ್ರ ಬಿಸಿನೀರು ಕೊಡುತ್ತಿತ್ತು. ನಮ್ಮ ಕಡೆ ಬಿಸಿಲಿದ್ದಾಗ ತಣ್ಣೀರಿನ ನಲ್ಲಿಯಲ್ಲೂ ಚಹಾ ಕಾಸುವಂಥ ನೀರು ಬರುವುದರಿಂದ ಆ ಹೊತ್ತಿನಲ್ಲಿ ಎರಡು ನಲ್ಲಿಗಳಿಗೂ ಏನೂ ವ್ಯತ್ಯಾಸ ಇರುತ್ತಿರಲಿಲ್ಲ. ಚಳಿಯ ಮುಂಜಾನೆ ಮಾತ್ರ ಎರಡರಲ್ಲೂ ಒಂದೇ ಸಮನಾದ ತಣ್ಣೀರು. ಇನ್ನು ಓದುವ ಕೋಣೆಯ ಕಿಟಕಿಯಿಂದ ಊರಿನ ಗುಡ್ಡ ಕಾಣುತ್ತಿತ್ತು. ಅದು ಅಂಗಾತ ಮಲಗಿದ ಬುದ್ಧನ ಹಾಗೆಯೇ ಇದೆ ಎಂದು ನೋಡಲು ಪರವೂರಿನಿಂದ ಜನ ಬರುತ್ತಾರೆ. ಓದುವ ಕೋಣೆಯ ಹುಡುಗಿಯರು ಪುಸ್ತಕ ಬಿಡಿಸಿ, ಆ ಕಡೆ ಒಮ್ಮೆ ನೋಡಿ, ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋಗುತ್ತಿದ್ದರು. ಅವರನ್ನು ಬೈಯಲು ನನಗೆ ಮನಸ್ಸಾಗುತ್ತಿರಲಿಲ್ಲ. ಊರಿಗೆ ದೊಡ್ಡದಾದ ಗುಡ್ಡವೇ ಮಲಗಿರುವಾಗ ಮಕ್ಕಳು ಎದ್ದು ಓದಲಿ ಎಂದರೆ ಹೇಗೆ?

ಮಂಚ ನರಳಲಿ, ನೀರು ತಣ್ಣಗಿರಲಿ, ಅದಾವುದೂ ನನಗೆ ತಕರಾರಿನ ವಿಷಯವಾಗಿರಲಿಲ್ಲ. ನನ್ನ ಸಂಕಟವೇ ಬೇರೆ. ನನ್ನನ್ನು ಯಾರೂ ವಿದ್ಯಾರ್ಥಿನಿ ಎಂದು ಒಪ್ಪಲು ತಯಾರಿರಲಿಲ್ಲ.

ಮೊದಲ ದಿನ ಬಕೆಟ್ಟು ಹಿಡಿದುಕೊಂಡು ಒಳಗೆ ಹೋದಾಗಲೇ ಅಡುಗೆಯಾಕೆ "ಮಗಳನ್ನ ಬಿಡಾಕ ಬಂದೀರೇನ್ರಿ?" ಎಂದು ಕೇಳಿದಳು. ನನ್ನ ಕೋಣೆಯಲ್ಲಿ ನನ್ನ ಜೊತೆಗೆ ಇಬ್ಬರು ಹುಡುಗಿಯರು. ಒಬ್ಬಳು ರೇಣುಕಾ, ಸುರಪುರದ ಆಚೆಯ ಹಳ್ಳಿಯವಳು. ಇನ್ನೊಬ್ಬಳು ಸಬೀನಾ, ಗುರುಮಠಕಲ್ಲಿನವಳು. ಇಬ್ಬರೂ ನನ್ನದೇ ತರಗತಿ. ನಾನು ಒಳಗೆ ಕಾಲಿಟ್ಟ ಕೂಡಲೇ ಇಬ್ಬರೂ ಮಂಚದಿಂದ ಧಡಕ್ಕನೆ ಎದ್ದು ನಿಂತು "ನಮಸ್ಕಾರ್ರೀ ಮೇಡಂ" ಎಂದರು. ನಾನು ಮೇಡಂ ಅಲ್ಲ, ನಿಮ್ಮ ಗೆಳತಿ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂದಿನಿಂದ 'ಆಂಟಿ' ಎಂದು ಕರೆಯತೊಡಗಿದರು. ಅದೂ ಒಂದು ಮೆಟ್ಟಿಲು ಇಳಿದ ಹಾಗೆಯೇ ಎಂದು ಸಮಾಧಾನ ಮಾಡಿಕೊಂಡೆ.

ಆಮೇಲೆ ಶುರುವಾದದ್ದು ಅವರ ತಾಯಂದಿರ ಕಾಟ. ಮಕ್ಕಳನ್ನು ಬಿಡಲು ಬಂದ ಹೆಂಗಸರಿಗೆಲ್ಲ ಇಲ್ಲೊಬ್ಬ ಶಾಲೆಯ ಟೀಚರು ಇದ್ದಾಳೆ ಎಂಬ ಸುದ್ದಿ ಹೇಗೋ ಮುಟ್ಟಿತು. ದೇವರ ಗುಡಿಗೆ ಬಂದಂತೆ ಒಬ್ಬೊಬ್ಬರೇ ನನ್ನ ಕೋಣೆಗೆ ಬಂದರು. ರೇಣುಕಾಳ ತಾಯಿಯಂತೂ ನನ್ನ ಎರಡೂ ಕೈ ಹಿಡಿದುಕೊಂಡು, "ಅಕ್ಕಾರ, ನೀವ್ ಅದೀರಿ ಅಂದ್ಮ್ಯಾಲ ನನಗ ಫಿಕರ್ ಇಲ್ಲ ನೋಡ್ರಿ. ನಮ್ಮ ಹುಡುಗಿ ಮ್ಯಾಲ ಒಂದು ಕಣ್ಣಿಡ್ರಿ. ಉಣ್ಣಲಿಲ್ಲಂದ್ರ ಎರಡು ಬಡೀರಿ" ಎಂದಳು. ನನ್ನ ಮೊಬೈಲ್ ನಂಬರನ್ನೂ ಬರೆದುಕೊಂಡು ಹೋದಳು. ಆಮೇಲೆ ಸಂಜೆಯಾದರೆ ನನ್ನ ಫೋನಿಗೆ ಬಿಡುವಿಲ್ಲ. "ನಮ್ಮಾಕಿ ಉಂಡಾಳೇನ್ರಿ?" "ನಮ್ಮಾಕಿ ಫೋನ್ ಯಾಕ ಎತ್ತವಲ್ಲಳು?" "ನಮ್ಮಾಕಿ ಎಣ್ಣಿ ಹಚ್ಕೊಂತಾಳೋ ಇಲ್ರಿ?" ಮನೆಯಲ್ಲಿ ಒಬ್ಬ ಗಂಡನ ಊಟದ ಜವಾಬ್ದಾರಿ ಬಿಟ್ಟು ಬಂದವಳಿಗೆ ಇಲ್ಲಿ ಇಡೀ ಸಾಲುಕೋಣೆಯ ಊಟದ ಜವಾಬ್ದಾರಿ ಅಂಟಿಕೊಂಡಿತ್ತು.

ಇದರ ಪರಿಣಾಮ ನೀವೇ ಊಹಿಸಬಹುದು. ಹುಡುಗಿಯರು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಪಕ್ಕದ ಕೋಣೆಯಲ್ಲಿ ಛಾವಣಿ ಹಾರುವ ಹಾಗೆ ನಗೆ ಕೇಳುತ್ತಿತ್ತು. ಏನಿರಬಹುದು ಎಂದು ನಾನೂ ನಗುಮುಖ ಹೊತ್ತು ಹೋಗಿ ಬಾಗಿಲಲ್ಲಿ ನಿಂತರೆ ಒಳಗೆ ತಪಾಸಣಾಧಿಕಾರಿ ಬಂದಂಥ ಮೌನ. ಎಲ್ಲರ ಕೈಯಲ್ಲೂ ಎಲ್ಲಿಂದಲೋ ಒಂದೊಂದು ಪುಸ್ತಕ. ಇಷ್ಟು ವರ್ಷ ತರಗತಿಯಲ್ಲಿ ಯಾವ ಮೌನಕ್ಕಾಗಿ ಮೇಜು ಬಡಿದು ಬಡಿದು ಕೈ ನೋಯಿಸಿಕೊಂಡೆನೋ ಅದು ಬೇಡವಾದ ಜಾಗದಲ್ಲಿ ಬಿಟ್ಟಿಯಾಗಿ ಸಿಗುತ್ತಿತ್ತು. "ಏನ್ ನಗಾಕತ್ತಿದ್ರಿ? ನನಗೂ ಹೇಳ್ರಿ" ಎಂದರೆ ಯಾರೋ ಒಬ್ಬಳು "ಏನಿಲ್ಲ ಬಿಡ್ರಿ ಆಂಟಿ" ಎನ್ನುತ್ತಿದ್ದಳು. ನಾನು ಕೋಣೆಗೆ ಬಂದು ನರಳುವ ಮಂಚದ ಮೇಲೆ ಕೂತುಕೊಳ್ಳುತ್ತಿದ್ದೆ. ನಿಮ್ಮ ಮುಂದೆ ಮುಚ್ಚುಮರೆ ಯಾಕೆ, ಒಂದೆರಡು ಸಲ ಕಣ್ಣಲ್ಲಿ ನೀರೂ ಬಂತು. ಈ ವಯಸ್ಸಿನಲ್ಲಿ ಹುಡುಗಿಯರು ಆಟಕ್ಕೆ ಕರೆಯಲಿಲ್ಲ ಎಂದು ಅಳುತ್ತಿದ್ದೆ ಅಂದರೆ ಯಾರಾದರೂ ನಂಬುತ್ತಾರೆಯೇ?

ಚಳಿಗಾಲದ ಒಂದು ದಿನ ರೇಣುಕಾ ಮತ್ತು ಸಬೀನಾ ನನ್ನ ಮಂಚದ ಎರಡೂ ಕಡೆ ಬಂದು ಕೂತರು. ಒಬ್ಬಳು ನನ್ನ ಸೀರೆ ಚಂದ ಇದೆ ಎಂದಳು. ಇನ್ನೊಬ್ಬಳು ನನ್ನ ಕಾಲು ನೋಯುತ್ತಿದೆಯೇ ಎಂದು ಕೇಳಿದಳು. ಶಾಲೆಯಲ್ಲಿ ಮಕ್ಕಳು ಹೀಗೆ ಹತ್ತಿರ ಬಂದರೆ ಕಿಟಕಿ ಗಾಜು ಒಡೆದಿದೆ ಎಂದು ಅರ್ಥ. ಆದರೆ ಪ್ರೀತಿಗೆ ಬರಗೆಟ್ಟವರಿಗೆ ಅನುಭವ ಉಪಯೋಗಕ್ಕೆ ಬರುವುದಿಲ್ಲ.

"ಆಂಟಿ, ಐತವಾರ ಬೋನಾಳಕ್ಕ ಹೋಗೂಣೇನ್ರಿ? ಕೆರಿಗೆ ಎಲ್ಲೆಲ್ಲಿಂದೋ ಹಕ್ಕಿ ಬಂದಾವಂತ" ಎಂದಳು ರೇಣುಕಾ.

"ನನ್ನನ್ನೂ ಕರೀಲಿಕತ್ತೀರೇನು?" ಎಂದೆ.

"ಅರೆ ಆಂಟಿ, ನೀವಿಲ್ಲದ ಹೆಂಗ್ ಹೋಗೂದ್ರಿ!" ಎಂದಳು ಸಬೀನಾ.

ಆ ಮಾತು ಅಕ್ಷರಶಃ ನಿಜವೆಂಬುದು ಭಾನುವಾರ ಗೇಟಿನ ಹತ್ತಿರ ಗೊತ್ತಾಯಿತು. ನಮ್ಮ ಹಾಸ್ಟೆಲ್ಲಿನ ಕಾನೂನು ಏನೆಂದರೆ ಭಾನುವಾರ ಹೊರಗೆ ಹೋಗಬೇಕಾದರೆ ಪಾಲಕರು ಬಂದು ಸಹಿ ಮಾಡಿ ಕರೆದೊಯ್ಯಬೇಕು, ದೀಪ ಹಚ್ಚುವ ಹೊತ್ತಿಗೆ ತಂದು ಬಿಡಬೇಕು. ಗೇಟಿನಲ್ಲಿದ್ದ ಕಾವಲಿನ ಮುದುಕ "ಪಾಲಕರು ಎಲ್ಲ್ಯಾರ?" ಎಂದ. ಇಬ್ಬರೂ ಒಟ್ಟಿಗೆ ನನ್ನ ಕಡೆ ಬೆರಳು ತೋರಿಸಿದರು. ನನಗೆ ಎಲ್ಲ ಅರ್ಥವಾಯಿತು. ಆದರೂ ಸಹಿ ಮಾಡಿದೆ. ಪಾಲಕರಾಗಿ ಕರೆದುಕೊಂಡು ಹೋಗಲಿ, ಪೆಟ್ಟಿಗೆಯಾಗಿ ಹೊತ್ತುಕೊಂಡು ಹೋಗಲಿ, ಹೋಗುವುದು ಮುಖ್ಯ. ಮುದುಕನೂ ನನ್ನ ವಯಸ್ಸು ನೋಡಿ ಮರು ಪ್ರಶ್ನೆ ಕೇಳದೆ ಗೇಟು ತೆಗೆದ.

ಸುರಪುರದ ತನಕ ಬಸ್ಸು, ಅಲ್ಲಿಂದ ಟಂಟಂ ಆಟೋ. ಟಂಟಂನಲ್ಲಿ ನಮ್ಮ ಜೊತೆ ಎರಡು ಮೇಕೆಮರಿಗಳೂ ಇದ್ದವು. ಒಂದು ನನ್ನ ಸೆರಗನ್ನು ದಾರಿಯುದ್ದಕ್ಕೂ ಮೆಲ್ಲುತ್ತ ಬಂತು. ಬೋನಾಳದ ಕೆರೆಯ ಏರಿ ಹತ್ತಿ ನಿಂತೆವು. ನೀರಿನ ಮೇಲೆ ಬಾತುಗಳು ಬೆಂಡಿನ ಹಾಗೆ ತೇಲುತ್ತಿದ್ದವು, ಉದ್ದ ಕಾಲಿನ ಬಿಳಿ ಹಕ್ಕಿಗಳು ಪಾಠ ಮರೆತ ಹುಡುಗರ ಹಾಗೆ ಒಂಟಿ ಕಾಲಲ್ಲಿ ನಿಂತಿದ್ದವು. ಹಿಮಾಲಯದ ಆಚೆಯಿಂದ ಬರುತ್ತವಂತೆ ಕೆಲವು. ಅವುಗಳ ಗಂಡಂದಿರು ಉಪ್ಪು ಎಲ್ಲಿಟ್ಟೆ ಎಂದು ಫೋನು ಮಾಡುವುದಿಲ್ಲ, ಪುಣ್ಯವಂತ ಜೀವಗಳು. ಹುಡುಗಿಯರು ಫೋಟೋ ತೆಗೆದುಕೊಂಡರು. ನನ್ನದೂ ತೆಗೆದರು. ಏರಿಯ ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕೂತು ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಮಾತು ಬಂತು. ನಮ್ಮ ಪ್ರಾಧ್ಯಾಪಕರೊಬ್ಬರು ಪಾಠ ಮಾಡುವಾಗ ಕನ್ನಡಕ ತೆಗೆದು ಹಾಕುವುದನ್ನು ಸಬೀನಾ ಅಣಕಿಸಿ ತೋರಿಸಿದಳು. ನಾನು ಆಕೆಗಿಂತ ಚೆನ್ನಾಗಿ ಅಣಕಿಸಿ ತೋರಿಸಿದೆ. ರೇಣುಕಾ ನಕ್ಕು ನಕ್ಕು ಕೆಮ್ಮತೊಡಗಿದಳು. ಇಷ್ಟು ತಿಂಗಳು ಬಾಗಿಲಾಚೆಯಿಂದ ಕೇಳಿದ ಆ ನಗೆ ಅವತ್ತು ನನ್ನ ಎದುರಿಗೇ ಇತ್ತು.

ಇಲ್ಲಿಂದ ಮುಂದಿನ ತಪ್ಪೆಲ್ಲ ನನ್ನದೇ. ಬಿಸಿಲು ಇಳಿಯುತ್ತಿದ್ದಂತೆ ರೇಣುಕಾ "ಹೋಗೂಣ್ ನಡೀರಿ ಆಂಟಿ, ಹೊತ್ತಾತು" ಎಂದಳು. "ಆ ಹಿಂಡು ಹಾರಲಿ, ನೋಡಿ ಹೋಗೂಣು" ಎಂದೆ. ಹಿಂಡು ಹಾರಿ ಮತ್ತೆ ಅಲ್ಲೇ ಇಳಿಯಿತು. ಸಬೀನಾ ಗಡಿಯಾರ ತೋರಿಸಿದಳು. "ಇನ್ನೊಮ್ಮೆ ಹಾರಲಿ" ಎಂದೆ. ಕೊನೆಗೆ ಇಬ್ಬರೂ ನನ್ನ ಎರಡು ಕೈ ಹಿಡಿದು ಎಬ್ಬಿಸಿದರು. ಸುರಪುರದ ಬಸ್ ನಿಲ್ದಾಣದಲ್ಲಿ ಶಹಾಪುರದ ಬಸ್ಸು ಹೊರಡಲು ಗುರುಗುಡುತ್ತಿತ್ತು. ಅದೇ ಹೊತ್ತಿಗೆ ಎದುರಿನ ಬಂಡಿಯವನು ಎಣ್ಣೆಗೆ ಮಿರ್ಚಿ ಬಿಟ್ಟ. ಅದರ ವಾಸನೆ! ಹಸಿಮೆಣಸಿನಕಾಯಿ, ಕಡ್ಲೆಹಿಟ್ಟು, ಪಕ್ಕದಲ್ಲಿ ಮಂಡಕ್ಕಿಯ ಒಗ್ಗರಣೆ.

"ಆಂಟಿ, ಬಸ್ ಹೊಂಟೈತ್ರಿ!" ಎಂದು ಹುಡುಗಿಯರು ಕೂಗಿದರು.

"ಹೋಗಲಿ ಬಿಡ್ರಿ, ಹಿಂದ ಇನ್ನೊಂದ್ ಬರ್ತೈತಿ" ಎಂದೆ, ಸಾರಿಗೆ ಮಂತ್ರಿಯ ಹಾಗೆ.

ಹಿಂದಿನದು ಬರಲಿಲ್ಲ. ಭಾನುವಾರ ಬಸ್ಸುಗಳಿಗೂ ಪಾಲಕರ ಅಪ್ಪಣೆ ಬೇಕೋ ಏನೋ. ಮಿರ್ಚಿ ತಿಂದು, ಇನ್ನೊಂದು ತಟ್ಟೆ ತಿಂದು, ಚಹಾ ಕುಡಿದು, ಹುಡುಗಿಯರ ಮುಖ ಸಣ್ಣದಾಗುತ್ತ ಹೋದರೂ ಬಸ್ಸಿನ ಸುಳಿವಿಲ್ಲ. ಕೊನೆಗೊಂದು ಬಸ್ಸು ಸಿಕ್ಕಿ ನಾವು ಹಾಸ್ಟೆಲ್ ಮುಟ್ಟಿದಾಗ ಗೇಟಿನ ದೀಪ ಹತ್ತಿ ಬಹಳ ಹೊತ್ತಾಗಿತ್ತು. ದೀಪದ ಕೆಳಗೆ ವಾರ್ಡನ್ ಮೇಡಂ ನಿಂತಿದ್ದರು.

ನಮ್ಮ ವಾರ್ಡನ್ ಮೇಡಂ ಮೈಸೂರು ಕಡೆಯವರು, ನನಗಿಂತ ಎಷ್ಟೋ ಚಿಕ್ಕವರು. ಅವರು ಜೋರಾಗಿ ಬೈದದ್ದನ್ನು ಯಾರೂ ಕಂಡಿಲ್ಲ. ನಮ್ಮ ಕಡೆಯವರ ಬೈಗುಳ ಅಡ್ಡಮಳೆ ಇದ್ದ ಹಾಗೆ, ಧೋ ಎಂದು ಸುರಿದು ನಿಂತುಬಿಡುತ್ತದೆ, ಆಮೇಲೆ ಕೂತು ಚಹಾ ಕುಡಿಯಬಹುದು. ಅವರದು ಹಾಗಲ್ಲ. ಮೆತ್ತಗಿನ ದನಿಯಲ್ಲಿ, ಬಹುವಚನದಲ್ಲಿ, ಒಂದೊಂದೇ ಪ್ರಶ್ನೆ ಕೇಳುತ್ತಾರೆ. ಮೂಳೆಯ ತನಕ ಚಳಿ ಹತ್ತುತ್ತದೆ.

"ಯಾರ ಜೊತೆ ಹೋಗಿದ್ರಿ?" ಎಂದು ಹುಡುಗಿಯರನ್ನು ಕೇಳಿದರು.

"ಪಾಲಕರ ಜೊತಿ ಹೋಗಿದ್ವಿರಿ ಮೇಡಂ" ಎಂದು ಇಬ್ಬರೂ ನನ್ನನ್ನು ತೋರಿಸಿದರು.

"ಸರಿ. ಪಾಲಕರು ಜೊತೆಗಿದ್ದು ತಡ ಆದರೆ ಜವಾಬ್ದಾರಿ ಪಾಲಕರದು. ನೀವು ಒಳಗೆ ಹೋಗಿ ಊಟ ಮಾಡಿ." ಹುಡುಗಿಯರು ಬಾಣದ ಹಾಗೆ ಒಳಗೆ ಹೋದರು. ಮೇಡಂ ನನ್ನ ಕಡೆ ತಿರುಗಿದರು. "ನೀವು ಯಾರ ಜೊತೆ ಹೋಗಿದ್ರಿ?"

ನಾನು ಸುತ್ತ ನೋಡಿದೆ. ತೋರಿಸಲು ಯಾರೂ ಉಳಿದಿರಲಿಲ್ಲ. "ಅವರ ಜೊತೀಗೇ ಹೋಗಿದ್ದೆರಿ" ಎಂದೆ.

"ಅವರು ನಿಮ್ಮ ಪಾಲಕರಾ?"

"ಅಲ್ಲರಿ."

"ಹಾಗಾದರೆ ನೀವು ಈ ಹಾಸ್ಟೆಲ್ಲಿನ ವಿದ್ಯಾರ್ಥಿನಿ, ಪಾಲಕರಿಲ್ಲದೆ ಹೊರಗೆ ಹೋಗಿದ್ದೀರಿ, ತಡವಾಗಿ ಬಂದಿದ್ದೀರಿ. ವಯಸ್ಸಿಗೊಂದು ಕಾನೂನು ಮಾಡೋಕೆ ನನಗೆ ಬರಲ್ಲ, ತಪ್ಪು ತಿಳೀಬೇಡಿ. ಈ ವಾರದೊಳಗೆ ನಿಮ್ಮ ಪಾಲಕರನ್ನ ಕರ್ಕೊಂಡು ಬನ್ನಿ."

ನಿಮ್ಮ ಅಪ್ಪನನ್ನು ಕರೆದುಕೊಂಡು ಬಾ ಎಂಬ ಮಾತನ್ನು ನಾನು ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಕೇಳಿಸಿಕೊಳ್ಳುವ ಕಡೆ ನಿಂತರೆ ಅದರ ತೂಕವೇ ಬೇರೆ. ನನ್ನ ತರಗತಿಯ ಒಬ್ಬ ಹುಡುಗ ಒಮ್ಮೆ ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವವನನ್ನು ಅಪ್ಪನೆಂದು ಕರೆತಂದಿದ್ದ. ಆ ಪುಣ್ಯಾತ್ಮ ಹುಡುಗನ ಪರವಾಗಿ ನನ್ನೆದುರು ಕೈಮುಗಿದು ಕಣ್ಣೀರು ಹಾಕಿ, ಹೋಗುವಾಗ "ಇವನ ಹೆಸರೇನ್ರಿ ಅಕ್ಕೋರ?" ಎಂದು ಕೇಳಿ ಸಿಕ್ಕಿಬಿದ್ದಿದ್ದ. ಯಾರನ್ನಾದರೂ ಹಾಗೆ ಕರೆತರಬಹುದೇ ಎಂದು ನಾನೂ ಯೋಚಿಸಿದೆ. ಗೇಟಿನ ಮುದುಕ ನನಗೆ ಅಪ್ಪನಾಗಬಹುದಾದ ವಯಸ್ಸಿನವನೇ. ಆದರೆ ಮೇಡಂಗೆ ಅವನ ಪರಿಚಯವಿತ್ತು. ಬೇರೆ ದಾರಿ ಕಾಣದೆ ಕಡೇಚೂರಿಗೆ ಫೋನು ಮಾಡಿದೆ.

"ಏನ್ ಮಾಡಿದೀ?" ಎಂದರು ನಮ್ಮ ಮನೆಯವರು.

"ಬೋನಾಳಕ್ಕ ಹಕ್ಕಿ ನೋಡಾಕ ಹೋಗಿದ್ದೆ. ಬರಾಕ ಹೊತ್ತಾತು."

"ನಮ್ಮ ಅಂಗಡಿ ಮುಂದ ದಿನಾ ಕೋಳಿ ಅಡ್ಡಾಡ್ತಾವ. ಅವನ್ನ ಒಂದಿನಾರ ನೋಡಿದೇನು?"

"ಈಗ ಬರ್ತೀರೋ ಇಲ್ಲೋ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಗಿರಾಕಿ ಬಂದಿದ್ದಾನೆ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಅವರು ಬಾಯಿಗೆ ಟವೆಲ್ಲು ಒತ್ತಿಕೊಂಡು ನಗುತ್ತಿದ್ದರು.

ಬುಧವಾರ ಅಂಗಡಿ ಮುಚ್ಚಿ ಬಂದರು. ಮಗಳ ಮದುವೆಗೆ ಹೊಲಿಸಿದ್ದ ಬಿಳಿ ಅಂಗಿ, ಇಸ್ತ್ರಿಯ ಗೆರೆ ಬೆರಳು ಕೊಯ್ಯುವ ಹಾಗಿತ್ತು. ಕೈಯಲ್ಲೊಂದು ಚೀಲ, ಅದರಲ್ಲಿ ಬಾಳೆಹಣ್ಣು, ಬಿಸ್ಕಿಟ್ಟು, ತಲೆಗೆ ಹಚ್ಚುವ ಎಣ್ಣೆ. ಎಲ್ಲ ಪಾಲಕರೂ ತರುವುದು ಅದನ್ನೇ ಎಂದು ಬಸ್ಸಿನಲ್ಲಿ ಯಾರೋ ಹೇಳಿದರಂತೆ. ಗೇಟಿನ ಹತ್ತಿರವೇ ನನಗೆ "ಒಳಗ ನೀ ಮಾತಾಡಬ್ಯಾಡ, ತಲಿ ತಗ್ಗಿಸಿ ನಿಂದ್ರು. ನಾ ನೋಡ್ಕೊಂತೀನಿ" ಎಂದು ಧೈರ್ಯ ಹೇಳಿದರು. ನಾನು ನಂಬಿದೆ.

ವಾರ್ಡನ್ ಮೇಡಂ ನಮ್ಮ ಮನೆಯವರಿಗೆ ಕುರ್ಚಿ ಕೊಟ್ಟರು. ನನಗೆ ಕೊಡಲಿಲ್ಲ. "ನಿಮ್ಮ ಶ್ರೀಮತಿಯವರು ತುಂಬ ಒಳ್ಳೆಯವರು, ಓದಿನಲ್ಲೂ ಮುಂದಿದ್ದಾರೆ. ಆದರೆ..." ಎಂದು ಮೇಡಂ ಶುರುಮಾಡಿದ್ದೇ ತಡ, ನಮ್ಮ ಮನೆಯವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು.

"ಖರೇ ಹೇಳಿದ್ರಿ ಮೇಡಂ. ಮನ್ಯಾಗೂ ಹಿಂಗ ರೀ. ಹೇಳಿದ್ ಮಾತು ಕೇಳಂಗಿಲ್ಲ. ಜಲ್ದಿ ಬಾ ಅಂದ್ರ ತಡಾ ಮಾಡೂದು, ಬ್ಯಾಡ ಅಂದದ್ದ ಮಾಡೂದು. ಒಮ್ಮೆ ತವರಮನಿಗೆ ನಾಲ್ಕ್ ದಿನಕ್ಕಂತ ಹೋದಾಕಿ..." ಎಂದು ಆರಂಭಿಸಿ ನಮ್ಮ ಸಂಸಾರದ ಹಳೆಯ ತಕರಾರುಗಳನ್ನೆಲ್ಲ ಗಂಟು ಬಿಚ್ಚಿ ಮೇಜಿನ ಮೇಲೆ ಸುರಿದರು. ನಾನು ಸಾರಿಗೆ ಹುಳಿ ಕಡಿಮೆ ಹಾಕುವುದೂ ಬಂತು. ನಾನು ಬಾಯಿ ತೆರೆದರೆ "ನೋಡ್ರಿ ಮೇಡಂ, ಹಿಂಗ ನಡಬರಕ ಮಾತಾಡ್ತಾಳ" ಎಂದು ಅದನ್ನೂ ಸಾಕ್ಷಿಯಾಗಿ ತೋರಿಸಿದರು. ಇಷ್ಟು ವರ್ಷ ಅವರ ದೂರು ಕೇಳುವ ಮೇಲಧಿಕಾರಿ ಯಾರೂ ಇರಲಿಲ್ಲ. ಪಾಪ, ಅವರನ್ನು ಅಂದು ಏನು ಪ್ರಯೋಜನ. ಮೇಡಂ ಬಹಳ ಸಹಾನುಭೂತಿಯಿಂದ ಕೇಳಿಸಿಕೊಂಡರು. ಚಹಾ ತರಿಸಿದರು. ಅದೂ ಒಂದೇ ಕಪ್ಪು.

ಕೊನೆಗೆ ನಮ್ಮ ಮನೆಯವರು ಎದ್ದು ಕೈಮುಗಿದರು. "ಇದೊಂದ್ಸಲ ಮಾಫ್ ಮಾಡ್ರಿ ಮೇಡಂ. ಆಕಿಗೇನ್ ವಯಸ್ಸಾಗಿಲ್ಲ, ಮುಂದ ತಿಳುವಳಿಕಿ ಬರ್ತೈತಿ."

ಕಿಟಕಿಯ ಹೊರಗೆ ಯಾರೋ ಉಸಿರು ತಡೆಯಲಾರದೆ ಕಿಸಕ್ಕೆಂದರು. ನೋಡಿದರೆ ರೇಣುಕಾ, ಸಬೀನಾ ಮಾತ್ರವಲ್ಲ, ಇಡೀ ಸಾಲುಕೋಣೆಯ ಹುಡುಗಿಯರು ಗೋಡೆಗೆ ಹಲ್ಲಿಗಳಂತೆ ಅಂಟಿದ್ದರು. ಮೇಡಂ ಮೆತ್ತಗೆ ನಕ್ಕು, ಈ ತಿಂಗಳು ಮುಗಿಯುವವರೆಗೆ ಭಾನುವಾರ ನಾನು ಗೇಟು ದಾಟುವಂತಿಲ್ಲ ಎಂದು ತೀರ್ಪು ಕೊಟ್ಟರು. ನಮ್ಮ ಮನೆಯವರು "ಬರೋಬ್ಬರಿ ಆತ್ರಿ" ಎಂದರು.

ಹೊರಗೆ ಬೇವಿನಮರದ ಕೆಳಗಿನ ಕಲ್ಲಿನ ಮೇಲೆ ಕೂತೆವು. ನನಗೆ ಎಂಥ ಸಿಟ್ಟು ಬಂದಿತ್ತೆಂದರೆ ಅವರು ತಂದ ಬಾಳೆಹಣ್ಣನ್ನು ಅವರಿಗೇ ಎಸೆಯಬೇಕೆನಿಸಿತ್ತು. ಅವರು ಒಂದನ್ನು ಸುಲಿದು ನನ್ನ ಕೈಗೆ ಕೊಟ್ಟರು. ಸಿಪ್ಪೆಯನ್ನು ಚೀಲಕ್ಕೆ ಹಾಕುತ್ತ, "ಹಕ್ಕಿ ಚಂದ ಇದ್ವೇನು?" ಎಂದು ಕೇಳಿದರು.

"ಭಾಳ ಚಂದ ಇದ್ವು" ಎಂದೆ.

"ಮತ್ತ ನನ್ನ ಯಾಕ ಕರೀಲಿಲ್ಲ?"

ಅಂಗಡಿ ಬಿಟ್ಟು ಬರುವ ಮನುಷ್ಯನೆಂದು ನಾನು ಅಂದುಕೊಂಡಿರಲಿಲ್ಲ, ಕೇಳಿಯೂ ಇರಲಿಲ್ಲ. "ಮುಂದಿನ ವರ್ಷ ಹೋಗೂಣು" ಎಂದೆ. "ಮೇಡಂನ ಪರವಾನಗಿ ತಗೊಂಡು" ಎಂದು ಸೇರಿಸಿ ಅವರು ಬಸ್ಸಿಗೆ ಹೊರಟರು. ಹೋಗುವ ಮುಂಚೆ ನಮ್ಮ ಮೆಸ್ಸಿನಲ್ಲಿ ಊಟ ಮಾಡಿ, ಪುಂಡಿಪಲ್ಯ ಎರಡು ಸಲ ಹಾಕಿಸಿಕೊಂಡು, ಗಂಡಸರ ಹಾಸ್ಟೆಲ್ಲಿನಲ್ಲಿ ಒಂದು ಸೀಟು ಸಿಗುತ್ತದೆಯೇ ಎಂದು ಅಡುಗೆಯಾಕೆಯನ್ನು ವಿಚಾರಿಸಿದರಂತೆ.

ಅವತ್ತು ಸಂಜೆ ನಾನು ಕೋಣೆಗೆ ಬಂದಾಗ ಒಳಗೆ ಹುಡುಗಿಯರ ಸಂತೆಯೇ ನೆರೆದಿತ್ತು. ನನ್ನನ್ನು ಕಂಡು ಯಾರೂ ಪುಸ್ತಕ ಹುಡುಕಲಿಲ್ಲ. "ಅಕ್ಕಾ, ಬರ್ರಿ ಬರ್ರಿ, ಕುಂದರ್ರಿ" ಎಂದು ಜಾಗ ಮಾಡಿಕೊಟ್ಟರು. ಆಂಟಿ ಎಲ್ಲಿ ಹೋಯಿತೋ ನಾನು ಕೇಳಲಿಲ್ಲ. ಸಬೀನಾ ಕುರ್ಚಿಯ ಮೇಲೆ ಕೂತು ನಮ್ಮ ಮನೆಯವರ ಹಾಗೆ ಕೈಮುಗಿದು "ಮಾಫ್ ಮಾಡ್ರಿ ಮೇಡಂ, ಮುಂದ ತಿಳುವಳಿಕಿ ಬರ್ತೈತಿ" ಎಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಒಬ್ಬೊಬ್ಬಳೂ ತನ್ನ ತನ್ನ ಅಪ್ಪ ಆ ಕೋಣೆಯಲ್ಲಿ ಕೂತು ಏನೇನು ಹೇಳಿದ್ದನೆಂದು ಹೇಳತೊಡಗಿದಳು. ನನಗೂ ಹೇಳಲು ಒಂದು ಕಥೆಯಿತ್ತು.

ಸುದ್ದಿ ಊರೂರಿಗೆ ಹೋಯಿತು. ತಾಯಂದಿರ ಫೋನುಗಳು ನಿಂತುಹೋದವು. ರೇಣುಕಾಳ ತಾಯಿ ಮಗಳಿಗೇ ಫೋನು ಮಾಡಿದ್ದಳು. ಸಣ್ಣ ಕೋಣೆ, ಅವಳ ದನಿ ಮೊದಲೇ ಹೊಲದಲ್ಲಿ ಕೂಗಿ ಬೆಳೆದದ್ದು, ನನಗೆ ಎಲ್ಲ ಕೇಳಿಸಿತು: "ಆ ಟೀಚರಮ್ಮನ ಜೊತಿ ಭಾಳ ಅಡ್ಡಾಡಬ್ಯಾಡ. ಆಕಿ ನಡತಿ ಸರಿ ಇಲ್ಲಂತ. ನಿಮ್ಮನ್ನ ಊರೂರು ತಿರುಗಿಸ್ತಾಳಂತ." ರೇಣುಕಾ ನಾಚಿಕೆಯಿಂದ ನನ್ನ ಕಡೆ ನೋಡಿದಳು. ನನಗೆ ಬೇಸರವಾಗಬೇಕಿತ್ತು. ಶಾಲೆಯಲ್ಲಿ ನೀತಿಪಾಠ ಹೇಳಿಕೊಂಡು ಬಂದವಳು ನಾನು. ಆದರೆ ಆ ರಾತ್ರಿ ಮಂಚ ನರಳಿದ್ದೂ ಗೊತ್ತಾಗದಷ್ಟು ಸುಖವಾಗಿ ನಿದ್ದೆ ಮಾಡಿದೆ.

ಮುಂದಿನ ಭಾನುವಾರ ಸಬೀನಾಳ ಅಣ್ಣ ಬಂದಿದ್ದ. ಹುಡುಗಿಯರು ಅವನ ಜೊತೆ ಪೇಟೆಗೆ ಹೊರಟರು. ನಾನು ಗೇಟಿನ ಸರಳು ಹಿಡಿದು ನಿಂತೆ. ಅವರು ಮರಳಿ ಬಂದಾಗ ರೇಣುಕಾ ಓಡಿಬಂದು ತನ್ನ ದುಪಟ್ಟಾದ ಅಡಿಯಿಂದ ಬೆಚ್ಚಗಿನ ಕಾಗದದ ಪೊಟ್ಟಣವೊಂದನ್ನು ನನ್ನ ಸೆರಗಿಗೆ ದಾಟಿಸಿದಳು. "ಅಕ್ಕಾ, ಮ್ಯಾಲ ಹೋಗಿ ತಿನ್ರಿ. ಮೇಡಂ ವರಾಂಡದಾಗ ಅದಾರ." ನಾನು ಛಾವಣಿಗೆ ಹೋಗಿ, ಸೋಲಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಮಿರ್ಚಿಯನ್ನು ಕಣ್ಣುಮುಚ್ಚಿ ತಿಂದೆ. ಆಮೇಲೆ ಹೊಟ್ಟೆಯಲ್ಲಿ ಊಟಕ್ಕೆ ಜಾಗವೇ ಉಳಿಯಲಿಲ್ಲ.

ಊಟದ ಗಂಟೆ ಹೊಡೆದಾಗ ಮೆಸ್ಸಿನ ಬಾಗಿಲಲ್ಲಿ ವಾರ್ಡನ್ ಮೇಡಂ ಸಿಕ್ಕರು. "ಯಾಕೆ, ಊಟ ಮಾಡಲ್ವಾ?" ಎಂದರು.

"ಹೊಟ್ಟಿ ನೋಯಾಕತ್ತೈತ್ರಿ ಮೇಡಂ" ಎಂದೆ. ಆ ಮಾತು ಅಷ್ಟು ಸಲೀಸಾಗಿ ನಾಲಿಗೆಗೆ ಬಂದದ್ದು ಕಂಡು ನನಗೇ ಹೆಮ್ಮೆಯಾಯಿತು. ಇಷ್ಟು ವರ್ಷ ಮಕ್ಕಳು ನನ್ನೆದುರು ಹೇಳಿದ್ದನ್ನು ಕೇಳಿ ಕೇಳಿ ನಾನೂ ಒಂದಿಷ್ಟು ಕಲಿತಿರಬೇಕಲ್ಲ.

ಮೇಡಂ ನನ್ನ ಮುಖವನ್ನೇ ನೋಡಿದರು. "ಪಾಪ, ಹೋಗಿ ಮಲ್ಕೊಳ್ಳಿ" ಎಂದರು, ಅದೇ ಮೆತ್ತಗಿನ ದನಿಯಲ್ಲಿ. "ಅದಕ್ಕೆ ಮೊದಲು ಗಲ್ಲದ ಮೇಲಿನ ಕಡ್ಲೆಹಿಟ್ಟು ಒರೆಸ್ಕೊಳ್ಳಿ."